ಫಿಲಂ ಹಾಕುವ ಮೊದಲು: ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾಗಳ ಪರೀಕ್ಷೆ

ಮಾನ್ಯರೇ,

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ನೋಡುವ ಕಿಂಡಿ ಒಂದು ಕಡೆ, ಚಿತ್ರ ಬರೆಯುವ ಗಾಜು ಇನ್ನೊಂದು ಕಡೆ. ಹಾಗಾಗಿ ಲೆನ್ಸಿನಲ್ಲಿ ಬೂಸ್ಟು ಹಿಡಿದಿರಲಿ, ಫಿಲಂಗೆ ಕ್ಷಣಮಾತ್ರ ಬೆಳಕು ಬಿಡುವ ಶಟರ್ ಅರ್ಧಕ್ಕೇ ನಿಂತಿರಲಿ, ಕಡೆಗೆ ಲೆನ್ಸಿನ ಮುಚ್ಚಳವನ್ನೇ ತೆಗೆಯದಿರಲಿ, ಕಿಂಡಿಯಲ್ಲಿ ಎಲ್ಲವೂ ನಿಚ್ಚಳವಾಗಿಯೇ ಕಾಣುತ್ತಿರುತ್ತದೆ. ದೋಷ ಗೊತ್ತಾಗುವುದು 36 ಚಿತ್ರಗಳೂ ಮುಗಿದು ರೋಲ್ ತೊಳೆದು ಬಂದ ಮೇಲೆ. ಫಿಲಂ ಇಷ್ಟು ದುಬಾರಿಯಾಗಿರುವ ಈ ಕಾಲದಲ್ಲಿ ದೋಷವನ್ನು ಅದಕ್ಕೂ ಮೊದಲೇ ಕಂಡುಹಿಡಿಯುವುದು ಹೇಗೆಂಬುದೇ ಈ ಉಪನ್ಯಾಸದ ವಿಷಯ.

ದೂರವನ್ನು ಅಳೆಯುವ ಯಂತ್ರವನ್ನು ಲೆನ್ಸಿಗೇ ಜೋಡಿಸಿದ ಜರ್ಮನಿಯ ಲೈಕಾ 2 ಬಂದದ್ದು 1932ರಲ್ಲಿ. ಸೋವಿಯತ್ ಒಕ್ಕೂಟದ ಫೆಡ್ ಮತ್ತು ಜೋರ್ಕಿಗಳು ಅದೇ ಮಾದರಿಯನ್ನು ಅನುಸರಿಸಿ ಹುಟ್ಟಿದವು. ಜಪಾನಿನವರು 1961ರಲ್ಲಿ ಕ್ಯಾನನೆಟ್, 1966ರಲ್ಲಿ ಯಾಶಿಕಾ ಎಲೆಕ್ಟ್ರೋ 35 ತಂದು ಇದನ್ನು ಸಾಮಾನ್ಯ ಕುಟುಂಬಗಳ ಕೈಗೆಟುಕಿಸಿದರು. ತತ್ತ್ವ ಎಲ್ಲದರಲ್ಲೂ ಒಂದೇ. ಒಂದಿಷ್ಟು ಅಂತರದಲ್ಲಿರುವ ಎರಡು ಕಿಂಡಿಗಳಿಂದ ಬಂದ ಎರಡು ಬಿಂಬಗಳು ಕಣ್ಣಿನ ಮುಂದೆ ಒಂದರ ಮೇಲೊಂದು ಬೀಳುತ್ತವೆ. ಲೆನ್ಸನ್ನು ತಿರುಗಿಸಿದಂತೆ ಒಳಗಿನ ಸನ್ನೆಯೊಂದು (ಲಿವರ್) ಸರಿದು ಒಂದು ಬಿಂಬವನ್ನು ಪಕ್ಕಕ್ಕೆ ಜರುಗಿಸುತ್ತದೆ. ಎರಡೂ ಕೂಡಿಕೊಂಡಲ್ಲಿ ಫೋಕಸ್ ಆಯಿತೆಂದು ಲೆಕ್ಕ. ಆದರೆ ಐವತ್ತು ಅರವತ್ತು ವರ್ಷಗಳಲ್ಲಿ ಕ್ಯಾಮೆರಾ ಎಷ್ಟೋ ಸಲ ಕೆಳಗೆ ಬಿದ್ದಿರುತ್ತದೆ, ಯಾರೋ ಬಿಚ್ಚಿ ಜೋಡಿಸಿರುತ್ತಾರೆ. ಆ ಸನ್ನೆ ಈಗಲೂ ನಿಜವನ್ನೇ ಹೇಳುತ್ತಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ಲೆನ್ಸನ್ನು ಅನಂತದ (∞) ಗುರುತಿಗೆ ತಿರುಗಿಸಿ, ಕನಿಷ್ಠ ಒಂದು ಕಿಲೋಮೀಟರ್ ಆಚೆಗಿರುವ, ನೆಟ್ಟಗಿನ ಅಂಚುಳ್ಳ ವಸ್ತುವೊಂದನ್ನು ನೋಡಿ. ಗುಡ್ಡದ ನೆತ್ತಿಯ ಮೊಬೈಲ್ ಟವರ್ ಇದಕ್ಕೆ ಹೇಳಿ ಮಾಡಿಸಿದ್ದು. ನಿಟ್ಟೂರಿನ ಕಡೆಯವರಿಗೆ ಕೊಡಚಾದ್ರಿಯ ಶಿಖರವೇ ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಎದುರಿನ ಗುಡ್ಡವೇ ಕಾಣುವುದಿಲ್ಲವಾದ್ದರಿಂದ ಮೋಡ ಸರಿದ ರಾತ್ರಿ ಚಂದ್ರನನ್ನಾದರೂ ಹಿಡಿಯಬಹುದು. ಬಿಂಬಗಳು ಅಡ್ಡಡ್ಡಕ್ಕೆ ಬೇರೆಯಾಗಿ ಕಂಡರೆ ಫೋಕಸ್ ತಪ್ಪುತ್ತದೆ. ಮೇಲೆ ಕೆಳಗೆ ಆಗಿದ್ದರೆ ಕಣ್ಣಿಗೆ ಕಿರಿಕಿರಿಯೇ ಹೊರತು ಚಿತ್ರ ಕೆಡುವುದಿಲ್ಲ. ಫೆಡ್, ಜೋರ್ಕಿಗಳಲ್ಲಿ ಮುಂಭಾಗದ ಪುಟ್ಟ ಸ್ಕ್ರೂ ತೆಗೆದರೆ ಒಳಗಿನ ಹೊಂದಿಕೆಯ ಸ್ಕ್ರೂ ಸಿಗುತ್ತದೆ. ಅದನ್ನು ಕೂದಲೆಳೆಯಷ್ಟೇ ತಿರುಗಿಸಿ ನೋಡಬೇಕು.

ದೂರ ಸರಿಯಿದ್ದ ಮಾತ್ರಕ್ಕೆ ಹತ್ತಿರವೂ ಸರಿಯಿರುತ್ತದೆ ಎನ್ನುವಂತಿಲ್ಲ. ಲೈಕಾದ ಮೇಲೆ ರಷ್ಯಾದ ಲೆನ್ಸ್ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು. 50 ಮಿ.ಮೀ. ಲೆನ್ಸಿನ ಅಪರ್ಚರನ್ನು (ಬೆಳಕು ಒಳಬರುವ ರಂಧ್ರವನ್ನು) ಎಫ್/2ರಷ್ಟು ಅಗಲಕ್ಕೆ ತೆರೆದು ಒಂದು ಮೀಟರ್ ದೂರದ ಮುಖವನ್ನು ತೆಗೆದರೆ ಸ್ಫುಟವಾಗಿ ಬರುವುದು ಸುಮಾರು ಐದು ಸೆಂ.ಮೀ. ಆಳ ಮಾತ್ರ; ಸನ್ನೆ ತುಸು ತಪ್ಪಿದರೂ ಮೂಗಿಗೆ ಹಿಡಿದ ಫೋಕಸ್ ಕಿವಿಗೆ ಬೀಳುತ್ತದೆ. ಹಿಂಬದಿಯ ಮುಚ್ಚಳ ತೆರೆದುಕೊಳ್ಳುವ ಕ್ಯಾಮೆರಾಗಳಲ್ಲಿ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಫಿಲಂ ಒರಗಿಕೊಂಡು ಹಾಯುವ ಒಳಗಿನ ಎರಡು ಹಳಿಗಳ ಮೇಲೆ, ಬೆಳಕು ಹಾಯಬಲ್ಲ, ಆದರೆ ಪಾರದರ್ಶಕವಲ್ಲದ ಮಂಕು ಸೆಲ್ಲೋಟೇಪನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಅಂಟಿಸಿ. ಶಟರನ್ನು, ಒತ್ತಿಹಿಡಿದಷ್ಟು ಹೊತ್ತೂ ತೆರೆದಿರುವ ‘ಬಿ’ ಗುರುತಿಗೆ ಇಟ್ಟು, ಗುಂಡಿಗೆ ಸಿಕ್ಕಿಸುವ, ಬೀಗ ಹಾಕಬಲ್ಲ ಕೇಬಲ್ ರಿಲೀಸ್ ತಂತಿಯಿಂದ ತೆರೆದಿಡಿ. ಕತ್ತಲ ಕೋಣೆಯಲ್ಲಿ ಮೂರು ಮೇಣದ ಬತ್ತಿಗಳನ್ನು ಒಂದಕ್ಕಿಂತ ಒಂದು ಹತ್ತು ಸೆಂ.ಮೀ. ಹಿಂದೆ, ತುಸು ಪಕ್ಕಕ್ಕೆ ನಿಲ್ಲಿಸಿ, ನಡುವಿನದಕ್ಕೆ ರೇಂಜ್‌ಫೈಂಡರಿನಿಂದ ಫೋಕಸ್ ಮಾಡಿ. ಟೇಪಿನ ಮೇಲೆ ಮೂರು ಜ್ವಾಲೆಗಳೂ ತಲೆಕೆಳಗಾಗಿ ಮೂಡುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ನಡುವಿನದೇ ಅತಿ ಚೂಪಾಗಿರಬೇಕು. ಮುಂದಿನದೋ ಹಿಂದಿನದೋ ಚೂಪಾಗಿದ್ದರೆ ತಪ್ಪು ಯಾವ ದಿಕ್ಕಿಗಿದೆ ಎಂಬುದೂ ಅಲ್ಲೇ ತಿಳಿಯುತ್ತದೆ.

ಕೆಲವು ಕ್ಯಾಮೆರಾಗಳಲ್ಲಿ ಎರಡನೆಯ ಬಿಂಬವೇ ಮಸುಕಾಗಿರುತ್ತದೆ. ಮೇಲಿನ ತಗಡು ಬಿಚ್ಚಿ ಒಳಗಿನ ಅರೆಗನ್ನಡಿಯನ್ನು ಬಟ್ಟೆಯಿಂದ ಉಜ್ಜಿದರೆ ಅದರ ಲೇಪವೇ ಎದ್ದು ಬರುತ್ತದೆ, ಆಮೇಲೆ ಉಳಿದ ಬಿಂಬವೂ ಇಲ್ಲ. ಅದರ ಬದಲು ನೋಡುವ ಕಿಂಡಿಯ (ವ್ಯೂಫೈಂಡರ್) ಮುಂದಿನ ಗಾಜಿನ ನಟ್ಟನಡುವೆ ಕಪ್ಪು ಟೇಪಿನ ಸಣ್ಣ ಚೂರು ಅಂಟಿಸಿದರೆ ಮಸುಕು ಬಿಂಬ ಎದ್ದು ಕಾಣತೊಡಗುತ್ತದೆ. ನೋಡಲು ಅಂದವಿಲ್ಲ, ಆದರೆ ಕೆಲಸ ನಡೆಯುತ್ತದೆ.

ಇನ್ನು ಶಟರ್. ಬಟ್ಟೆಯ ಪರದೆಯಿರುವ ಕ್ಯಾಮೆರಾವನ್ನು ಲೆನ್ಸ್ ತೆಗೆದು ಕತ್ತಲಲ್ಲಿ ಟಾರ್ಚಿನ ಎದುರು ಹಿಡಿದರೆ ಸೂಜಿಮೊನೆಯಂಥ ತೂತುಗಳು ಕಾಣಬಹುದು. ಈ ಕ್ಯಾಮೆರಾಗಳಲ್ಲಿ ಕನ್ನಡಿಯ ಅಡ್ಡವಿಲ್ಲದಿರುವುದರಿಂದ, ಅನಂತಕ್ಕೆ ತಿರುಗಿಸಿದ ಲೆನ್ಸ್ ಬಿಸಿಲಿಗೆ ಮುಖಮಾಡಿ ಕೂತರೆ ಸೂರ್ಯನೇ ಪರದೆಯನ್ನು ಸುಡುತ್ತಾನೆ. ಆಗುಂಬೆಯಲ್ಲಿ ಸೂರ್ಯಾಸ್ತಕ್ಕೆ ಕಾಯುವಾಗ ಮುಚ್ಚಳ ಹಾಕಿಡಿ, ತೆಗೆಯುವುದನ್ನೂ ಮರೆಯಬೇಡಿ. ಜೋರ್ಕಿ ಮತ್ತು ಫೆಡ್‌ಗಳಲ್ಲಿ ವೇಗವನ್ನು ಬದಲಿಸುವುದು ಫಿಲಂ ಸುತ್ತಿ ಶಟರ್ ಎಳೆದ ಮೇಲೆಯೇ. ಮೊದಲೇ ತಿರುಗಿಸಿದರೆ ಒಳಗಿನ ಯಂತ್ರ ಕೆಡುವ ಅಪಾಯವಿದೆ. ಕ್ಯಾನನೆಟ್‌ನಂಥವುಗಳಲ್ಲಿ ಲೆನ್ಸಿನೊಳಗೇ ಇರುವ ತೆಳು ತಗಡಿನ ಎಸಳುಗಳು ಎಣ್ಣೆ ಹತ್ತಿ ಅಂಟಿಕೊಳ್ಳುತ್ತವೆ. ಹಿಂದಿನಿಂದ ನೋಡುತ್ತಾ ಹಲವು ಸಲ ಒತ್ತಿ; ಮೊದಲ ಒತ್ತು ಮಾತ್ರ ನಿಧಾನವಾದರೂ ಅದು ರೋಗದ ಲಕ್ಷಣವೇ.

ಮಲೆನಾಡಿನಲ್ಲಿ ಇವೆಲ್ಲಕ್ಕಿಂತ ದೊಡ್ಡ ಶತ್ರು ಥಂಡಿ, ಅಂದರೆ ಗಾಳಿಯ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೇ ಬೂಸ್ಟು ಬರುವ ಊರಿನಲ್ಲಿ ಲೆನ್ಸಿಗೆ ಬಾರದೆ ಇರುತ್ತದೆಯೇ? ಅಪರ್ಚರ್ ಪೂರ್ತಿ ತೆರೆದು, ಟಾರ್ಚನ್ನು ಓರೆಯಾಗಿ ಹಾಯಿಸಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಬೇಗ ಶುಚಿಗೊಳಿಸಿದರೆ ಗಾಜು ಉಳಿಯುತ್ತದೆ, ತಡವಾದರೆ ಲೇಪವನ್ನು ತಿಂದ ಗುರುತು ಹೋಗುವುದಿಲ್ಲ. ಕ್ಯಾಮೆರಾದ ಜೊತೆ ಬಂದ ಚರ್ಮದ ಕೇಸು ಎಷ್ಟೇ ಚೆಂದವಿರಲಿ, ತೇವ ಹೀರಿ ಹಿಡಿದಿಡುವ ವಸ್ತು ಅದು. ಕ್ಯಾಮೆರಾವನ್ನು ಅದರಲ್ಲಿಟ್ಟು ಮರೆಯುವುದು ಬೇಡ. ಬಚ್ಚಲ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವುದೂ ಬೇಡ; ಶಾಖಕ್ಕೆ ಗ್ರೀಸ್ ಕರಗಿ ಎಸಳುಗಳಿಗೆ ಇಳಿಯುತ್ತದೆ, ಹೊಗೆ ಗಾಜಿಗೆ ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಮತ್ತು ನೀಲಿ ಸಿಲಿಕಾ ಜೆಲ್ ಸಾಕು. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹೊರತೆಗೆದು ಕಾಯಿಸಿ ಮತ್ತೆ ಬಳಸಬಹುದು.

ಬೆಳಕನ್ನು ಅಳೆಯುವ ಮೀಟರ್ ಬಗ್ಗೆ ಎರಡೇ ಮಾತು. ಕ್ಯಾನನೆಟ್ ಕ್ಯೂಎಲ್17 ಜಿ3ಯಂಥವು 1.35 ವೋಲ್ಟಿನ ಪಾದರಸದ ಸೆಲ್ಲಿಗಾಗಿ ಮಾಡಿದವು. ಈಗ ಅದರ ಬದಲು ಶ್ರವಣಯಂತ್ರದ 1.4 ವೋಲ್ಟಿನ ಸೆಲ್ ನಡೆಯುತ್ತದೆ. ಅಡಿಕೆ ತೋಟದ ಒಳಗೆ ನಾನು ಮೀಟರನ್ನು ನಂಬುವುದಿಲ್ಲ, ಸೋಗೆಗಳ ಸಂದಿಯ ಆಕಾಶ ಅದನ್ನು ಏಮಾರಿಸುತ್ತದೆ. ಮೋಡವಿದ್ದಾಗ ಐಎಸ್‌ಒ 400ರ ಫಿಲಂಗೆ 1/60 ಸೆಕೆಂಡ್, ಎಫ್/4ರಿಂದ ಶುರುಮಾಡಿ, ಇನ್ನೂ ಕತ್ತಲಿದ್ದರೆ ಅಪರ್ಚರ್ ತೆರೆಯುತ್ತಾ ಹೋಗಿ.

ಫಿಲಂ ಹಾಕಿದ ಮೇಲೆ ಸುರುಳಿಯ ಸಡಿಲವನ್ನು ಎಳೆದುಕೊಂಡು, ಪ್ರತಿ ಸಲ ಸುತ್ತುವಾಗಲೂ ಎಡಗಡೆಯ ರಿವೈಂಡ್ ಗುಬುಟು ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಫಿಲಂ ಮುಂದೆ ಸಾಗುತ್ತಿಲ್ಲ.

ಈ ಮೇಜಿನ ಮೇಲೆ ಒಂದು ಫೆಡ್ 2, ಒಂದು ಕ್ಯಾನನೆಟ್, ಟೇಪ್ ಮತ್ತು ಮೇಣದ ಬತ್ತಿಗಳಿವೆ. ಎರಡರಲ್ಲಿ ಒಂದರ ಫೋಕಸ್ ತಪ್ಪಿದೆ. ದೀಪ ಆರಿಸುತ್ತೇವೆ, ಯಾವುದೆಂದು ನೀವೇ ಬಂದು ಪರೀಕ್ಷಿಸಿ ಹೇಳಿ.