ಖಳನ ಕಾರಣ ಬದಲಾದಾಗ ನಾಯಕ ಬದಲಾದನೇ? ಸೂಪರ್‌ಹೀರೋ ಸಿನಿಮಾಗಳ ಬಗ್ಗೆ ಒಂದು ವಾದ

ನಮಸ್ಕಾರ. ಸೂಪರ್‌ಹೀರೋ ಸಿನಿಮಾ ಬಿಡುಗಡೆಯಾದ ವಾರ ಮಾಟುಂಗಾದ ಉಡುಪಿ ಹೋಟೆಲಿನ ಮೇಜಿನ ಸುತ್ತಲೋ, ಡೊಂಬಿವಲಿಯ ಲೋಕಲಿನ ಬಾಗಿಲ ಬಳಿಯೋ ನಮ್ಮ ಕನ್ನಡದ ಹುಡುಗ ಹುಡುಗಿಯರು ಸೇರಿದರೆಂದರೆ ಒಂದು ವಾದ ಖಂಡಿತ ಏಳುತ್ತದೆ. "ಕಾಮಿಕ್ಸಿನಲ್ಲಿ ಹೀಗೆ ಇಲ್ಲವೇ ಇಲ್ಲ ಮಾರಾಯ, ಪಾತ್ರವನ್ನೇ ಹಾಳು ಮಾಡಿದ್ದಾರೆ" ಎಂದು ಒಬ್ಬರು ಹೇಳುತ್ತಾರೆ. "ಇದ್ದದ್ದನ್ನು ಇದ್ದ ಹಾಗೆ ತೆಗೆಯುವುದಾದರೆ ಸಿನಿಮಾ ಯಾಕೆ ಬೇಕು?" ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಮಾತು ಉಡುಪಿನ ಬಣ್ಣದಲ್ಲೋ, ಸ್ಪೈಡರ್‌ಮ್ಯಾನ್‌ನ ಬಲೆ 2002ರ ಸಿನಿಮಾದಲ್ಲಿ ಯಂತ್ರದ ಬದಲು ಮಣಿಕಟ್ಟಿನಿಂದಲೇ ಚಿಮ್ಮಿತಲ್ಲ ಎಂಬ ಆಕ್ಷೇಪದಲ್ಲೋ ಸಿಕ್ಕಿಕೊಂಡರೆ ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ಇಂದಿನ ವಿಡಿಯೋದಲ್ಲಿ ನಾನು ಕೇಳಲಿರುವುದು ಒಂದೇ ಪ್ರಶ್ನೆ: ಖಳನ ಉದ್ದೇಶವನ್ನು ಸಿನಿಮಾ ಬದಲಿಸಿದಾಗ, ಆ ಬದಲಾವಣೆಗೆ ತಕ್ಕಂತೆ ನಾಯಕನೂ ಬದಲಾದನೇ?

(ಪರದೆಯ ಮೇಲೆ: ತಾಳಮದ್ದಳೆಯ ದೃಶ್ಯ, ಎದುರುಬದುರು ಕುಳಿತ ಇಬ್ಬರು ಅರ್ಥಧಾರಿಗಳು)

ತಾಳಮದ್ದಳೆಯೆಂದರೆ ವೇಷ, ಕುಣಿತ ಇಲ್ಲದೆ ಅರ್ಥಧಾರಿಗಳು ಕುಳಿತು ಮಾತಿನಲ್ಲೇ ಪಾತ್ರ ನಡೆಸುವ ಯಕ್ಷಗಾನ. ಮುಂಬಯಿಯ ಕನ್ನಡ, ತುಳು ಸಭೆಗಳಲ್ಲಿ ವಾಲಿಮೋಕ್ಷದ ತಾಳಮದ್ದಳೆ ಕೇಳಿದವರಿಗೆ ಈ ಪ್ರಶ್ನೆಯ ಹಿನ್ನೆಲೆ ಬೇಗ ಹೊಳೆಯುತ್ತದೆ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿಯ ಅರ್ಥಧಾರಿ ಕೇಳುತ್ತಾನೆ. ಪದ್ಯ ಇಬ್ಬರಿಗೂ ಗೊತ್ತಿರುವುದೇ ಆದರೂ ವಾಲಿ ಅಂದು ಹೊಸದೊಂದು ಆಕ್ಷೇಪ ಎತ್ತಿದರೆ ರಾಮನ ಅರ್ಥಧಾರಿ ಹಳೆಯ ಉತ್ತರ ಒಪ್ಪಿಸಿ ಪಾರಾಗುವಂತಿಲ್ಲ. ಆ ಆಕ್ಷೇಪಕ್ಕೇ ಅಲ್ಲಿಯೇ ಉತ್ತರ ಕಟ್ಟಬೇಕು. ಸೂಪರ್‌ಹೀರೋ ಸಿನಿಮಾದ ಚಿತ್ರಕಥೆಗಾರನಿಂದಲೂ ನಾನು ಅಷ್ಟನ್ನೇ ನಿರೀಕ್ಷಿಸುತ್ತೇನೆ.

ಮೊದಲು, "ಮೂಲಕ್ಕೆ ನಿಷ್ಠೆ" ಎನ್ನುವವರ ಮಾತನ್ನು ಪರಿಶೀಲಿಸೋಣ. ಮೂಲವೆಂದರೆ ಯಾವುದು? ಬಿಲ್ ಫಿಂಗರ್ ಮತ್ತು ಬಾಬ್ ಕೇನ್ ಸೇರಿ ರೂಪಿಸಿದ ಬ್ಯಾಟ್‌ಮ್ಯಾನ್ 1939ರಲ್ಲಿ ಡಿಟೆಕ್ಟಿವ್ ಕಾಮಿಕ್ಸಿನ 27ನೆಯ ಸಂಚಿಕೆಯಲ್ಲಿ ಕಾಣಿಸಿಕೊಂಡ. ಆರಂಭದ ಆ ಕತೆಗಳಲ್ಲಿ ಅವನ ಕೈಯಲ್ಲಿ ಪಿಸ್ತೂಲು ಇತ್ತು, ಅವನಿಂದ ಸಾವುಗಳೂ ಆದವು. 1940ರಲ್ಲಿ ಬಂದ, ಅವನದೇ ಹೆಸರಿನ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅವನು ವಿಮಾನದಿಂದ ಲಾರಿಯೊಂದರ ಮೇಲೆ ಮೆಷಿನ್‌ಗನ್ನಿನಿಂದ ಗುಂಡು ಹಾರಿಸುತ್ತಾನೆ. ಆಮೇಲೆ ಸಂಪಾದಕ ವಿಟ್ನಿ ಎಲ್ಸ್‌ವರ್ತ್, ಇನ್ನು ಮುಂದೆ ಬ್ಯಾಟ್‌ಮ್ಯಾನ್ ಕೊಲ್ಲಬಾರದು, ಬಂದೂಕು ಹಿಡಿಯಬಾರದು ಎಂದು ಕಟ್ಟುನಿಟ್ಟು ಮಾಡಿದರು. ಅಭಿಮಾನಿಗಳು ಇಂದು ಪಾತ್ರದ ಪ್ರಾಣವೆಂದು ಕಾಪಾಡುವ ನಿಯಮವೇ ಆಮೇಲೆ ಬಂದ ತಿದ್ದುಪಡಿ.

(ಪರದೆಯ ಮೇಲೆ: 1940ರ ಸಂಚಿಕೆಯ ಪುಟಗಳು)

ಬ್ಯಾಟ್‌ಮ್ಯಾನ್‌ನ ಮುಖ್ಯ ಖಳ ಜೋಕರ್ ಮೊದಲು ಬರುವುದೂ ಇದೇ ಸಂಚಿಕೆಯಲ್ಲಿ. ರೇಡಿಯೋ ಕಾರ್ಯಕ್ರಮದ ನಡುವೆ ಒಂದು ದನಿ ನುಗ್ಗಿ, ಈ ರಾತ್ರಿ ಹನ್ನೆರಡಕ್ಕೆ ಹೆನ್ರಿ ಕ್ಲಾರಿಡ್ಜ್ ಸಾಯುತ್ತಾನೆ ಎಂದು ಘೋಷಿಸುತ್ತದೆ. ಪೊಲೀಸರ ಕಾವಲಿದ್ದರೂ ಗಡಿಯಾರ ಹನ್ನೆರಡು ಹೊಡೆದಾಗ ಅವನು ಸಾಯುತ್ತಾನೆ, ಹೆಣದ ಮುಖದಲ್ಲಿ ವಿಷದಿಂದ ಸೆಟೆದ ನಗೆ ಉಳಿಯುತ್ತದೆ. ಸಂಚಿಕೆಯ ಕೊನೆಯಲ್ಲಿ ಜೋಕರ್ ಸಾಯಬೇಕೆಂದೇ ಬರೆದಿದ್ದರು. ಎಲ್ಸ್‌ವರ್ತ್ ಅದನ್ನು ತಡೆದದ್ದರಿಂದ, ಅವನಿನ್ನೂ ಬದುಕಿದ್ದಾನೆ ಎಂದು ತೋರಿಸುವ ಒಂದೇ ಒಂದು ಚೌಕವನ್ನು ಅವಸರದಲ್ಲಿ ಸೇರಿಸಿದರು. ಕೊಲ್ಲಬಾರದ ನಾಯಕ, ಸಾಯದ ಖಳ ಎಂಬ ಜೋಡಿ ಹೀಗೆ ಒಬ್ಬ ಸಂಪಾದಕನ ಮೇಜಿನ ಮೇಲೆ ಹುಟ್ಟಿತು. ಅಲ್ಲಿಂದೀಚೆಗೆ ಒಬ್ಬನನ್ನು ಅಲುಗಿಸಿದರೆ ಇನ್ನೊಬ್ಬನೂ ಅಲುಗುತ್ತಾನೆ.

1989ರ 'ಬ್ಯಾಟ್‌ಮ್ಯಾನ್' ಸಿನಿಮಾ ಇದನ್ನು ಅಲುಗಿಸಿತು. ಕಾಮಿಕ್ಸಿನಲ್ಲಿ ಬ್ರೂಸ್ ವೇನ್‌ನ (ಬ್ಯಾಟ್‌ಮ್ಯಾನ್‌ನ ನಿಜ ಹೆಸರು ಅದು) ತಂದೆತಾಯಿಯನ್ನು ಕೊಂದವನು ಜೋ ಚಿಲ್ ಎಂಬ ಸಾಮಾನ್ಯ ದರೋಡೆಕೋರ. ಸಿನಿಮಾದಲ್ಲಿ ಆ ಕೊಲೆಗಾರ ಮುಂದೆ ಜೋಕರ್ ಆಗುವ ಜ್ಯಾಕ್ ನೇಪಿಯರ್. ಮೇಲುನೋಟಕ್ಕೆ ಕತೆ ಬಿಗಿಯಾಯಿತು. ಆದರೆ ಇಡೀ ನಗರದ ಅಪರಾಧದ ವಿರುದ್ಧ ತೊಟ್ಟ ವ್ರತ ಒಬ್ಬ ವ್ಯಕ್ತಿಯ ಮೇಲಿನ ಸೇಡಾಗಿ ಕುಗ್ಗಿತು, ಮತ್ತು ಆ ವ್ಯಕ್ತಿ ಸತ್ತ ಮೇಲೆ ಬ್ಯಾಟ್‌ಮ್ಯಾನ್ ಯಾಕೆ ಮುಂದುವರಿಯಬೇಕು ಎಂಬುದಕ್ಕೆ ಸಿನಿಮಾ ಉತ್ತರ ಕೊಡಲಿಲ್ಲ. ಅದರ ಕತ್ತಲೆ, ಅದರ ಸಂಗೀತ ನನಗೆ ಇಂದಿಗೂ ಪ್ರಿಯವೇ. ಆದರೂ ಈ ಒಂದು ವಿಷಯದಲ್ಲಿ ಆಕ್ಷೇಪ ಎತ್ತಿದ ಅಭಿಮಾನಿಗಳ ಪರವಾಗಿಯೇ ನಿಲ್ಲುತ್ತೇನೆ.

2008ರ 'ದ ಡಾರ್ಕ್ ನೈಟ್' ಸಿನಿಮಾದಲ್ಲಿ ಹೀತ್ ಲೆಡ್ಜರ್ ಮಾಡಿದ ಜೋಕರನಿಗೆ ಹಿನ್ನೆಲೆಯೇ ಇಲ್ಲ. ಬಾಯಿಯ ಗಾಯಕ್ಕೆ ಅವನು ಒಬ್ಬೊಬ್ಬರಿಗೆ ಒಂದೊಂದು ಕತೆ ಹೇಳುತ್ತಾನೆ. ಹೊರನೋಟದಲ್ಲಿ ಇದು ಕಾಮಿಕ್ಸಿನಿಂದ ದೂರ ಸರಿದ ಪಾತ್ರ, ಆದರೆ ಮೊದಲೇ ಘೋಷಿಸಿ ಕೊಲ್ಲುವ ಅವನ ಪದ್ಧತಿ 1940ರ ಪುಟಗಳದ್ದೇ. ಪೊಲೀಸ್ ಠಾಣೆಯ ವಿಚಾರಣಾ ಕೋಣೆಯ ದೃಶ್ಯವನ್ನು ಮತ್ತೊಮ್ಮೆ ನೋಡಿ. ಬ್ಯಾಟ್‌ಮ್ಯಾನ್ ಹೊಡೆಯುತ್ತಾನೆ, ಜೋಕರ್ ನಗುತ್ತಾನೆ, ಹೊಡೆತ ಜೋರಾದಷ್ಟೂ ನಗು ಏರುತ್ತದೆ. ಕೊಲ್ಲುವುದಿಲ್ಲ ಎಂದು ಮೊದಲೇ ಗೊತ್ತಾಗಿರುವವನನ್ನು ಯಾವ ಬೆದರಿಕೆಯಿಂದ ಬಗ್ಗಿಸುವುದು? ಖಳನ ಕಾರಣವನ್ನು ತೆಗೆದುಹಾಕಿದ ಸಿನಿಮಾ ನಾಯಕನ ನಿಯಮವನ್ನು ನಡುವೆ ತಂದು ನಿಲ್ಲಿಸಿ, ಎರಡೂವರೆ ಗಂಟೆ ಅದನ್ನೇ ಪರೀಕ್ಷಿಸಿತು.

2018ರಲ್ಲಿ ಮಾರ್ವೆಲ್ ಎರಡು ತಿಂಗಳ ಅಂತರದಲ್ಲಿ ಬಿಡುಗಡೆ ಮಾಡಿದ ಎರಡು ಸಿನಿಮಾಗಳನ್ನು, ಥಾನೋಸ್ ಖಳನಾದ 'ಅವೆಂಜರ್ಸ್: ಇನ್ಫಿನಿಟಿ ವಾರ್' ಮತ್ತು ಕಿಲ್‌ಮಾಂಗರ್ ಖಳನಾದ 'ಬ್ಲ್ಯಾಕ್ ಪ್ಯಾಂಥರ್' ಅನ್ನು, ಅಕ್ಕಪಕ್ಕ ಇಟ್ಟರೆ ನನ್ನ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ಜಿಮ್ ಸ್ಟಾರ್ಲಿನ್ 1973ರಲ್ಲಿ ಸೃಷ್ಟಿಸಿದ ಥಾನೋಸ್ 1991ರ ಕಾಮಿಕ್ಸ್ ಸರಣಿಯಲ್ಲಿ ವಿಶ್ವದ ಅರ್ಧ ಜೀವಿಗಳನ್ನು ಚಿಟಿಕೆ ಹೊಡೆದು ಅಳಿಸುವುದು ಪ್ರೇಮಕ್ಕಾಗಿ. ಹೆಣ್ಣಿನ ರೂಪದಲ್ಲಿ ನಿಂತಿರುವ ಮೃತ್ಯುವನ್ನು ಅವನು ಒಲಿಸಿಕೊಳ್ಳಬೇಕಾಗಿದೆ. ಸಿನಿಮಾ ಈ ಪ್ರೇಮವನ್ನು ಕೈಬಿಟ್ಟು, ಜನ ಹೆಚ್ಚು, ಸಂಪನ್ಮೂಲ ಕಡಿಮೆ ಎಂಬ ಲೆಕ್ಕಾಚಾರವನ್ನು ಅವನಿಗೆ ಕೊಟ್ಟಿತು. ಪ್ರೇಮದ ಹುಚ್ಚಿಗೆ ಬಿದ್ದವನ ಜೊತೆ ವಾದಿಸುವ ಅಗತ್ಯವಿಲ್ಲ. ಲೆಕ್ಕ ಮುಂದಿಟ್ಟವನ ಜೊತೆ ವಾದಿಸಲೇಬೇಕು. ಇಷ್ಟೆಲ್ಲ ಶಕ್ತಿ ಕೈಯಲ್ಲಿರುವಾಗ ಸಂಪನ್ಮೂಲವನ್ನೇ ಯಾಕೆ ಹೆಚ್ಚಿಸಲಿಲ್ಲ ಎಂದು ಪ್ರೇಕ್ಷಕರು ಕೇಳಿದರು, ಕೆಲವರು ಥಾನೋಸ್ ಹೇಳಿದ್ದೇ ಸರಿ ಎಂದರು. ತೆರೆಯ ಮೇಲೆ ಮಾತ್ರ ಅವನ ಎದುರು ನಿಂತು ಆ ಲೆಕ್ಕವನ್ನು ಮುರಿದವರಿಲ್ಲ. ನಿನಗೆ ಅದು ಗೊತ್ತಿಲ್ಲ ಎಂದು ಅವನ ಸಾಕುಮಗಳು ಗಮೋರಾ ಒಮ್ಮೆ ಹೇಳಿ ಸುಮ್ಮನಾಗುತ್ತಾಳೆ. ಜೀವಕ್ಕೆ ಜೀವ ಕೊಡುವ ವ್ಯಾಪಾರ ನಮ್ಮದಲ್ಲ ಎಂಬ ಅರ್ಥದ ಮಾತನ್ನು ಸ್ಟೀವ್ ರಾಜರ್ಸ್ (ಕ್ಯಾಪ್ಟನ್ ಅಮೆರಿಕ) ಆಡುತ್ತಾನಾದರೂ ಅದು ಜೀವ ಬಿಡಲು ಸಿದ್ಧನಾದ ಜೊತೆಗಾರ ವಿಷನ್‌ನ ವಿಷಯದಲ್ಲಿ, ಥಾನೋಸ್‌ನ ಕಿವಿಗೆ ಬೀಳುವಂತೆ ಅಲ್ಲ. 2019ರ ಮುಂದಿನ ಭಾಗದಲ್ಲಿ ಥಾನೋಸ್ ಇಡೀ ವಿಶ್ವವನ್ನೇ ಅಳಿಸಿ ಹೊಸದಾಗಿ ಕಟ್ಟುತ್ತೇನೆ ಎನ್ನುವಾಗ ಹಳೆಯ ಲೆಕ್ಕವೇ ಬಿದ್ದುಹೋಗುತ್ತದೆ. ಯುದ್ಧವನ್ನು ಗೆದ್ದರು, ವಾದಕ್ಕೆ ಉತ್ತರ ಬರಲಿಲ್ಲ.

ಕಿಲ್‌ಮಾಂಗರ್‌ನ ಸಂಗತಿ ಬೇರೆ. ಅವನೂ 1973ರಲ್ಲೇ ಕಾಮಿಕ್ಸಿಗೆ ಬಂದವನು: ವಕಾಂಡ ಎಂಬ ಆಫ್ರಿಕದ ಕಾಲ್ಪನಿಕ ರಾಜ್ಯದಲ್ಲಿ ಹುಟ್ಟಿ, ಅಲ್ಲಿಂದ ದೂರವಾಗಿ, ಸಿಂಹಾಸನಕ್ಕಾಗಿ ತಿರುಗಿಬಿದ್ದವನು. ಸಿನಿಮಾ ಅವನನ್ನು ಅಮೆರಿಕದ ಓಕ್ಲೆಂಡಿನಲ್ಲಿ ಬೆಳೆದ ಹುಡುಗನನ್ನಾಗಿ ಮಾಡಿತು. ಅವನ ತಂದೆಯನ್ನು ಕೊಂದವನು ಆ ತಂದೆಯ ಸ್ವಂತ ಅಣ್ಣನೇ ಆದ ವಕಾಂಡದ ರಾಜ. ಜಗತ್ತಿನಾದ್ಯಂತ ನಮ್ಮವರು ನರಳುತ್ತಿದ್ದಾಗ ಇಷ್ಟು ಬಲವಿದ್ದ ನೀವು ಎಲ್ಲಿ ಅಡಗಿದ್ದಿರಿ ಎಂದು ಈ ಕಿಲ್‌ಮಾಂಗರ್ ಕೇಳುವಾಗ ರಾಜಸಭೆಯಲ್ಲಿ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಇಲ್ಲಿ ನಾಯಕ ಬದಲಾಗುತ್ತಾನೆ. ಆ ರಾಜನ ಮಗ, ಬ್ಲ್ಯಾಕ್ ಪ್ಯಾಂಥರ್ ಆದ ಟಿ'ಚಾಲಾ ಪಿತೃಲೋಕದಲ್ಲಿ ತನ್ನ ತಂದೆಯ ಎದುರೇ, ನೀವೆಲ್ಲ ತಪ್ಪು ಮಾಡಿದಿರಿ ಎನ್ನುತ್ತಾನೆ. ಕೊನೆಗೆ ಕೊಲೆ ನಡೆದ ಅದೇ ಓಕ್ಲೆಂಡಿನ ಕಟ್ಟಡವನ್ನು ಕೊಂಡು ನೆರವಿನ ಕೇಂದ್ರವಾಗಿಸುತ್ತಾನೆ. ಖಳನ ದಾರಿಯನ್ನು ಒಪ್ಪದೆ, ಅವನ ಪ್ರಶ್ನೆಯನ್ನು ಒಪ್ಪಿಕೊಂಡ ನಾಯಕ ಇವನು. ಕಾಮಿಕ್ಸಿನಿಂದ ಇಷ್ಟು ದೂರ ಬಂದರೂ ಅಭಿಮಾನಿಗಳಲ್ಲಿ ಹೆಚ್ಚಿನವರು ಈ ಬದಲಾವಣೆಯನ್ನು ಪ್ರೀತಿಯಿಂದ ಸ್ವೀಕರಿಸಿದ್ದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ.

ಇದು ಹಾಲಿವುಡ್ಡಿನವರು ಕಂಡುಹಿಡಿದ ವಿದ್ಯೆಯೇನೂ ಅಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ನಾಗಚಂದ್ರ ಜೈನ ಪರಂಪರೆಯ ರಾಮಕಥೆಯನ್ನು ಬರೆಯುವಾಗ ರಾವಣನಿಗೆ ಪಶ್ಚಾತ್ತಾಪ ಕೊಟ್ಟ. ಅಲ್ಲಿನ ರಾವಣ ಸೀತೆಯ ನಿಷ್ಠೆ ಕಂಡು ಮನಸ್ಸು ತಿರುಗಿ, ಯುದ್ಧದಲ್ಲಿ ಗೆದ್ದು ಮಾನ ಉಳಿಸಿಕೊಂಡ ಮೇಲೆ ಅವಳನ್ನು ಒಪ್ಪಿಸಬೇಕೆಂದುಕೊಳ್ಳುತ್ತಾನೆ. ಅಂಥ ರಾವಣನ ಎದುರು ವಾಲ್ಮೀಕಿಯ ರಾಮ ಹಾಗೆಯೇ ನಿಲ್ಲುವುದಿಲ್ಲ. ಆ ಪರಂಪರೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾಮನ ಕೈಗೆ ಆ ರಕ್ತ ಅಂಟುವುದಿಲ್ಲ.

ಕೆಲವು ಬದಲಾವಣೆಗಳಿಗೆ ಕಲೆಯ ಕಾರಣವೇ ಇರುವುದಿಲ್ಲ, ಅವನ್ನು ನಿರ್ದೇಶಕರ ತಲೆಗೆ ಕಟ್ಟಬಾರದು. ಎಕ್ಸ್-ಮೆನ್ ಹಕ್ಕು ಫಾಕ್ಸ್ ಸಂಸ್ಥೆಯ ಬಳಿ ಇದ್ದುದರಿಂದ 2015ರ ಅವೆಂಜರ್ಸ್ ಸಿನಿಮಾದಲ್ಲಿ ವಾಂಡಾ ಎಂಬ ಪಾತ್ರವನ್ನು ಮ್ಯೂಟೆಂಟ್ (ಎಕ್ಸ್-ಮೆನ್ ಕತೆಗಳಲ್ಲಿ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರ ಹೆಸರು) ಎಂದು ಕರೆಯುವಂತಿರಲಿಲ್ಲ. ಅಷ್ಟೇ ಸಂಗತಿ.

(ಪರದೆಯ ಮೇಲೆ: ಬೋರಿಬಂದರಿನ ರಸ್ತೆ, ನಂತರ ಹಳೆಯ ಇಂದ್ರಜಾಲ ಕಾಮಿಕ್ಸಿನ ಮುಖಪುಟಗಳು)

ಕಾಮಿಕ್ಸಿನ ಖಳರನ್ನು ತಿದ್ದಿದ ಇತಿಹಾಸ ನಮ್ಮ ಮುಂಬಯಿಗೂ ಇದೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಇಲ್ಲಿಂದ ಇಂದ್ರಜಾಲ ಕಾಮಿಕ್ಸ್ ಆರಂಭಿಸಿ ಲೀ ಫಾಕ್‌ನ ಫ್ಯಾಂಟಮ್ (ತಂದೆಯಿಂದ ಮಗನಿಗೆ ಸಾಗಿ ಬರುವ ಮುಖವಾಡದ ವೀರ) ಕತೆಗಳನ್ನು ಪ್ರಕಟಿಸಿತು. ಅಲ್ಲಿ ಬಂಗಾಳವನ್ನು ನೆನಪಿಸುವ ಹೆಸರಿದ್ದ ಕಾಲ್ಪನಿಕ ನಾಡು ಡೆಂಕಾಲಿಯಾಯಿತು, ಸಿಂಗ್ ಎಂಬ ಹೆಸರಿನ ಕಡಲ್ಗಳ್ಳರು ಸಿಂಗಾ ಆದರು, ರಾಮ ಎಂಬ ಕೊಲೆಗಾರ ರಾಮಲು ಆದ. ಭಾರತದ ಓದುಗರ ಮನಸ್ಸು ನೋಯದಿರಲಿ ಎಂಬುದು ಇದರ ಹಿಂದಿನ ಎಚ್ಚರ. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಮೊದಲ ಫ್ಯಾಂಟಮ್ ಮಾಡಿದ ಪ್ರಮಾಣಕ್ಕೆ ಮಾತ್ರ ಯಾರೂ ಕೈಹಚ್ಚಲಿಲ್ಲ, ಆದ್ದರಿಂದ ಹೆಸರುಗಳು ಬದಲಾದರೂ ಓದುಗರಿಗೆ ಏನೂ ಕಡಿಮೆಯಾಗಲಿಲ್ಲ. ಇಂದ್ರಜಾಲದ ಆರಂಭದ ದಿನಗಳಲ್ಲಿ ಅಲ್ಲಿ ದುಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು ಎಂಬುದನ್ನು ಹೆಮ್ಮೆಯಿಂದ ಹೇಳುತ್ತೇನೆ. ಅಮರ ಚಿತ್ರಕಥೆಯನ್ನು ಬೆಳೆಸಿದವರೂ ಅವರೇ.

ಕೊನೆಯದಾಗಿ ಸೂಪರ್‌ಮ್ಯಾನ್. 2013ರ ಸಿನಿಮಾದಲ್ಲಿ ಅವನು ತನ್ನ ಹುಟ್ಟುಗ್ರಹ ಕ್ರಿಪ್ಟನ್‌ನಿಂದಲೇ ಬಂದ ಖಳ ಜನರಲ್ ಜಾಡ್‌ನ ಕತ್ತು ಮುರಿದಾಗ, ಸೂಪರ್‌ಮ್ಯಾನ್ ಕೊಲ್ಲುವುದಿಲ್ಲ ಎಂಬ ಕೂಗೆದ್ದಿತು. ಆದರೆ 1988ರಲ್ಲಿ ಜಾನ್ ಬರ್ನ್ ಬರೆದ ಕಾಮಿಕ್ಸಿನಲ್ಲಿಯೂ ಅವನು ಮೂವರು ಕ್ರಿಪ್ಟನ್ ಅಪರಾಧಿಗಳನ್ನು ಕೊಂದಿದ್ದಾನೆ. ವ್ಯತ್ಯಾಸವಿರುವುದು ಆಮೇಲೆ ನಡೆದದ್ದರಲ್ಲಿ. ಕಾಮಿಕ್ಸಿನಲ್ಲಿ ಆ ಪಾಪಪ್ರಜ್ಞೆ ಅವನನ್ನು ಸಂಚಿಕೆಯಿಂದ ಸಂಚಿಕೆಗೆ ಕಾಡಿ, ಭೂಮಿಯನ್ನೇ ಬಿಟ್ಟು ಹೋಗುವಂತೆ ಮಾಡುತ್ತದೆ. ಸಿನಿಮಾದಲ್ಲಿ ಒಂದು ಆರ್ತನಾದ, ಒಂದು ಆಲಿಂಗನ. ಮರುದೃಶ್ಯದಲ್ಲಿ ಸೇನಾಧಿಕಾರಿಯ ಡ್ರೋನ್ ಕೆಡವಿ ಅವನು ಹಗುರಾಗಿ ಮಾತನಾಡುತ್ತಿರುತ್ತಾನೆ.

2025ರ ಸೂಪರ್‌ಮ್ಯಾನ್ ಇನ್ನೂ ದೊಡ್ಡ ಬದಲಾವಣೆ ಮಾಡಿತು. ಕ್ರಿಪ್ಟನ್‌ನ ತಂದೆತಾಯಿ ಕಳಿಸಿದ ಸಂದೇಶದ ಉಳಿದರ್ಧದಲ್ಲಿ, ಭೂಮಿಯನ್ನು ಆಳು ಎಂಬ ಆಜ್ಞೆ ಇದೆ. ಖಳ ಲೆಕ್ಸ್ ಲೂಥರ್ ಅದನ್ನು ಜಗತ್ತಿಗೆ ಬಿತ್ತರಿಸಿ ಜನರನ್ನು ಅವನ ವಿರುದ್ಧ ತಿರುಗಿಸುತ್ತಾನೆ. ಇಲ್ಲಿ ಖಳನ ಕೈಗೆ ಹೊಸ ಆಯುಧ ಬಂದಿದೆ, ನಾಯಕ ಅದಕ್ಕೆ ಮಾತಿನಲ್ಲೂ ನಡೆಯಲ್ಲೂ ಉತ್ತರ ಕೊಡುತ್ತಾನೆ: ತಾನು ಯಾರೆಂಬುದನ್ನು ಹೆತ್ತವರ ಆಜ್ಞೆ ತೀರ್ಮಾನಿಸದು ಎಂದು ಸಾಕುತಂದೆಯಿಂದ ಅರಿತು, ಪ್ರೀತಿಸುವ, ಹೆದರುವ, ತಪ್ಪುವ ಮನುಷ್ಯ ನಾನೂ ಎಂದು ಲೂಥರ್‌ನ ಮುಖಕ್ಕೇ ಹೇಳುತ್ತಾನೆ. ನನ್ನ ಪ್ರಶ್ನೆಗೆ ಈ ಸಿನಿಮಾ ಪೂರ್ತಿ ಉತ್ತರ ಕೊಡುತ್ತದೆ. ಆದರೂ, ನಾಶವಾಗುತ್ತಿರುವ ಲೋಕದ ಇಬ್ಬರು ಒಳ್ಳೆಯವರು ಮಗುವನ್ನು ಪ್ರೀತಿಯಿಂದಲೇ ಕಳಿಸಿಕೊಟ್ಟರು ಎಂಬ, 1938ರಿಂದ ಬಂದ ಕತೆಯನ್ನು ಹಚ್ಚಿಕೊಂಡಿದ್ದ ಓದುಗರು ಇಲ್ಲಿ ನಿಜವಾಗಿಯೂ ಏನನ್ನೋ ಕಳೆದುಕೊಂಡಿದ್ದಾರೆ. ಅವರ ಆಕ್ಷೇಪವನ್ನು ಹಟವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.