ಸಿಡಿಲಿನ ಬೆಳಕಲ್ಲಿ ನೆಲದಾಳ

ಎಲ್ಲರಿಗೂ ನಮಸ್ಕಾರ.

ಮುಂಬೈನಿಂದ ಹುಬ್ಬಳ್ಳಿ ಬಸ್ ಹತ್ತಿದವರಿಗೆಲ್ಲ ಕರಾಡ ಗೊತ್ತು, ಅಲ್ವಾ? ಅಲ್ಲಿ ಕೃಷ್ಣೆಯನ್ನು ಸೇರುವ ಕೊಯ್ನಾ ನದಿಗೆ ಮೇಲ್ಗಡೆ ಒಂದು ಅಣೆಕಟ್ಟಿದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅದರ ಸುತ್ತಲಿನ ನೆಲ ನಡುಗಿತು. 6.3 ತೀವ್ರತೆಯ ಭೂಕಂಪ. ಜಲಾಶಯಕ್ಕೆ ನೀರು ತುಂಬತೊಡಗಿದ ಮೇಲೆ ಶುರುವಾದ ಕಂಪನಗಳು ಇನ್ನೂ ನಿಂತಿಲ್ಲ. ಕೆಳಗೆ ಬಂಡೆಯಲ್ಲಿ ಬಿರುಕು ಎಲ್ಲಿದೆ, ನೀರು ಎಲ್ಲಿದೆ?

ಒಣ ಗ್ರಾನೈಟ್ ಕರೆಂಟನ್ನು ಹರಿಯಲು ಬಿಡುವುದೇ ಇಲ್ಲ ಅನ್ನಬಹುದು. ಬಿರುಕಿನಲ್ಲಿ ಉಪ್ಪುನೀರು ಸೇರಿದರೆ ಸಲೀಸಾಗಿ ಬಿಡುತ್ತದೆ. ಆ ವ್ಯತ್ಯಾಸ ಅಳೆಯುವ ವಿಧಾನಕ್ಕೆ ಮ್ಯಾಗ್ನೆಟೋಟೆಲ್ಯುರಿಕ್ಸ್ ಅಂತ ಹೆಸರು. ನಾವು ಸುಮ್ನೆ ಎಂ.ಟಿ. ಅಂತೀವಿ. ಇದರ ಲೆಕ್ಕ ಕಟ್ಟಿಕೊಟ್ಟವರು 1950ರಲ್ಲಿ ರಷ್ಯಾದ ಟಿಖೊನೊವ್, 1953ರಲ್ಲಿ ಫ್ರಾನ್ಸಿನ ಕ್ಯಾನ್ಯಾರ್.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಏನೆಂದರೆ, ನೆಲಕ್ಕೆ ನಾವು ಕರೆಂಟ್ ಕೊಡುವುದೇ ಇಲ್ಲ. ಎಲ್ಲೋ ದೂರದ ದೇಶದಲ್ಲಿ ಹೊಡೆದ ಸಿಡಿಲು, ಸೂರ್ಯನಿಂದ ಬೀಸುವ ಕಣಗಳ ಗಾಳಿ, ಇವು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುತ್ತಲೇ ಇರುತ್ತವೆ. ಅದರಿಂದ ನೆಲದೊಳಗೆ ಸಣ್ಣ ಕರೆಂಟ್ ಹುಟ್ಟುತ್ತದೆ. ಬೇಗ ಬೇಗ ಏರಿಳಿಯುವ ಅಲೆ ಮೇಲೆಯೇ ಸೋತುಹೋಗುತ್ತದೆ. ನಿಧಾನದ್ದು ಆಳಕ್ಕಿಳಿಯುತ್ತದೆ. ಬಂಡೆಯ ರೋಧ, ಅಂದರೆ ಕರೆಂಟನ್ನು ತಡೆಯುವ ಗುಣ, 100 ಓಮ್-ಮೀಟರ್ ಇದ್ದರೆ ಸೆಕೆಂಡಿಗೊಮ್ಮೆ ಏರಿಳಿಯುವ ಅಲೆ ಸುಮಾರು 5 ಕಿ.ಮೀ. ಇಳಿಯುತ್ತದೆ, 100 ಸೆಕೆಂಡಿಗೊಮ್ಮೆ ಏರಿಳಿಯುವುದು ಸುಮಾರು 50 ಕಿ.ಮೀ. ಅಷ್ಟರಲ್ಲಿ ಭೂಮಿಯ ತೊಗಟೆಯೇ ಮುಗಿದಿರುತ್ತದೆ!

ಕೆಲಸ ಮಾತ್ರ ಹೊಲದ ಕೆಲಸದ ಹಾಗೆ. ನಾಲ್ಕು ದಿಕ್ಕಿಗೆ ನಾಲ್ಕು ಗುಂಡಿ. ಪ್ರತಿ ಗುಂಡಿಗೆ ಉಪ್ಪುನೀರಲ್ಲಿ ಕಲಸಿದ ಜೇಡಿಮಣ್ಣು, ಅದರೊಳಗೆ ನೆಲದ ಕರೆಂಟ್ ಅಳೆಯಲು ತಂತಿ ಕಟ್ಟಿದ, ಪುಟ್ಟ ಮಡಕೆಯಂಥ ಎಲೆಕ್ಟ್ರೋಡ್. ಕಾಂತ ಅಳೆಯುವ ಕಾಯಿಲ್ ಮೂರು. ಎರಡನ್ನು ಮಲಗಿಸಿ, ಒಂದನ್ನು ನೆಟ್ಟಗೆ ನಿಲ್ಲಿಸಿ, ರಸಮಟ್ಟ ಇಟ್ಟು ನೋಡಿ ಹೂಳುತ್ತೇವೆ. ಗಾಳಿಗೆ ತಂತಿ ಅಲುಗಾಡಿದರೂ ಸಿಗ್ನಲ್ ಕೆಡುತ್ತದೆ. ಅದಕ್ಕೇ ಅದರ ಮೇಲೆ ಹತ್ತು ಹೆಜ್ಜೆಗೊಂದು ಮಣ್ಣಿನ ಹೆಂಟೆ. ಒಮ್ಮೆ ಇಡೀ ರಾತ್ರಿಯ ದಾಖಲೆ ಹಾಳಾಗಿತ್ತು. ಬೆಳಿಗ್ಗೆ ನೋಡಿದರೆ ಪಕ್ಕದ ಹೊಲದಲ್ಲಿ ಪಂಪ್‌ಸೆಟ್ ಓಡುತ್ತಿತ್ತು. ರಾತ್ರಿ ಮಾತ್ರ ಕರೆಂಟ್ ಸಿಗುವ ರೈತನಿಗೆ ನಿಲ್ಲಿಸು ಅನ್ನಲು ಬಾಯಿ ಬರಲಿಲ್ಲ. ನಾವೇ ಜಾಗ ಬದಲಿಸಿದೆವು.

ಈ ಕಿರಿಕಿರಿ ಮುಂಬೈಗೆ ಹಳೆಯದು. ಕೊಲಾಬಾದಲ್ಲಿ 1841ರಿಂದ ಕಾಂತಕ್ಷೇತ್ರ ಅಳೆಯುತ್ತಿದ್ದರು. ಎಲೆಕ್ಟ್ರಿಕ್ ಟ್ರಾಮ್ ಬರುತ್ತದೆ ಎಂದಾಗ ಆ ಕೆಲಸವನ್ನು ಸಮುದ್ರದಾಚೆಯ ಅಲಿಬಾಗಿಗೆ ಒಯ್ದರು. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು, ದಾಖಲೆಯ ಎಳೆ ತುಂಡಾಗದಂತೆ ಕಾಪಾಡಿದರು. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಎಂ.ಟಿ.ಯಲ್ಲಿ ಒಂದು ತೊಡಕೂ ಇದೆ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಕೂಡ ಕರೆಂಟ್ ಹರಿಯಲು ಬಿಡುತ್ತದೆ. ನಕ್ಷೆಯಲ್ಲಿ ಅದೂ ಉಪ್ಪುನೀರೂ ಒಂದೇ ಥರ ಕಾಣುತ್ತವೆ. ಖಚಿತವಾಗಬೇಕಾದರೆ ಕೊರೆದೇ ನೋಡಬೇಕು. ಕೊಯ್ನಾ ಹತ್ತಿರದ ಗೋಠಣೆಯಲ್ಲಿ 2017ರಲ್ಲಿ 3 ಕಿ.ಮೀ. ಆಳಕ್ಕೆ ಕೊರೆದರು. ಸುಮಾರು ಒಂದೂಕಾಲು ಕಿ.ಮೀ. ಕಪ್ಪುಕಲ್ಲು ದಾಟಿದ ಮೇಲೆ ಹಳೆಯ ಗ್ರಾನೈಟ್ ಸಿಕ್ಕಿತು. ಆ ಕಲ್ಲಿನ ಬಳಗವನ್ನು ಭೂವಿಜ್ಞಾನಿಗಳು ಕರೆಯುವುದು ನಮ್ಮ ಧಾರವಾಡದ ಹೆಸರಿನಿಂದಲೇ.