ನೆಲವೇ ನಡೆಯುವ ಲಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಟಿಪ್ಪರ್ ಲಾರಿ ಮಾಲು ಸುರಿಯುವುದನ್ನು ನೀವೆಲ್ಲ ನೋಡಿರುತ್ತೀರಿ. ಬಾಡಿಯ ಮುಂಭಾಗ ಮೇಲಕ್ಕೇಳುತ್ತದೆ, ಮಾಲು ಹಿಂದಕ್ಕೆ ಜಾರುತ್ತದೆ. ಆ ಹೊತ್ತಿನಲ್ಲಿ ಒಂದು ಪಕ್ಕದ ಗಾಲಿಗಳು ತಗ್ಗಿನಲ್ಲಿದ್ದರೆ ಲಾರಿ ಮಗುಚಬಹುದು. ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಎದ್ದ ಬಾಡಿ ಅದಕ್ಕೆ ತಾಗಬಹುದು. ಈ ಎರಡು ಗಂಡಾಂತರಗಳಿಂದ ದೂರ ಉಳಿಯುವ ಇನ್ನೊಂದು ಬಗೆಯ ಲಾರಿ ಇದೆ. ಅದರ ಬಾಡಿ ಏಳುವುದೇ ಇಲ್ಲ. ಬಾಡಿಯ ತಳದಲ್ಲಿ ಕನ್ವೇಯರ್ ಇರುತ್ತದೆ; ಅದು ಮಾಲನ್ನು ಮೆಲ್ಲಗೆ ಹಿಂದಕ್ಕೆ ಸಾಗಿಸಿ ಹೊರಗೆ ತಳ್ಳುತ್ತದೆ. ಕತ್ತರಿಸಿದ ಹಸಿ ಮೇವು, ಗೊಬ್ಬರ, ಧಾನ್ಯ, ರಸ್ತೆಗೆ ಹಾಕುವ ಬಿಸಿ ಡಾಂಬರು ಮಿಶ್ರಣ ಎಲ್ಲವನ್ನೂ ಹೀಗೆ ಇಳಿಸುತ್ತಾರೆ. ಸೂರು ತಗ್ಗಾಗಿರುವ ಕಟ್ಟಡದ ಒಳಗೂ ಕೆಲಸ ನಡೆಯುತ್ತದೆ.

ಇಷ್ಟೆಲ್ಲ ಅನುಕೂಲ ಇರುವುದರಿಂದಲೇ ಇದನ್ನು ಸಾಧು ಯಂತ್ರ ಎಂದು ತಿಳಿಯುವವರು ಬಹಳ. ನನ್ನ ತಕರಾರು ಇರುವುದು ಅಲ್ಲೇ. ಈ ನೆಲ ನಿಮಿಷಕ್ಕೆ ಕೆಲವೇ ಮೀಟರು ಸರಿಯುತ್ತದೆ. ಇಷ್ಟು ನಿಧಾನವಾಗಿ ಸರಿಯುವುದರಿಂದ ಬೇಕೆಂದಾಗ ಕಾಲು ಎತ್ತಿಕೊಳ್ಳಬಹುದು ಎಂಬ ಧೈರ್ಯ ಬಂದುಬಿಡುತ್ತದೆ. ಆದರೆ ಹಲವು ಟನ್ ಮಾಲನ್ನು ಎಳೆಯುವ ಸರಪಳಿಗೆ ಒಂದು ಬೂಟು ಸಿಕ್ಕಿದರೆ ಅದರ ವೇಗ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಮೊದಲು ಭಾಗಗಳನ್ನು ನೋಡೋಣ. ಏಣಿಯೊಂದನ್ನು ನೆಲದ ಮೇಲೆ ಮಲಗಿಸಿದಂತೆ ಕಲ್ಪಿಸಿಕೊಳ್ಳಿ. ಏಣಿಯ ಎರಡು ಕಂಬಗಳ ಜಾಗದಲ್ಲಿ ಎರಡು ಸರಪಳಿಗಳು, ಮೆಟ್ಟಿಲುಗಳ ಜಾಗದಲ್ಲಿ ಉಕ್ಕಿನ ಅಡ್ಡಪಟ್ಟಿಗಳು. ಈ ಪಟ್ಟಿಗಳು ತಳದ ತಗಡಿನ ಮೇಲೆ ಉಜ್ಜುತ್ತ ಹಿಂದಕ್ಕೆ ಹೋಗಿ, ಬಾಡಿಯ ಅಡಿಯಿಂದ ಮುಂದಕ್ಕೆ ಮರಳುತ್ತವೆ. ಹಿಂಬದಿಯಲ್ಲಿ ಹಲ್ಲುಚಕ್ರಗಳಿರುವ ಶಾಫ್ಟ್ ಸರಪಳಿಯನ್ನು ಎಳೆಯುತ್ತದೆ. ಮುಂಬದಿಯ ಶಾಫ್ಟಿಗೆ ಬಿಗಿ ಹೊಂದಿಸುವ ಬೋಲ್ಟುಗಳಿರುತ್ತವೆ. ಕೆಲವು ಲಾರಿಗಳಲ್ಲಿ ಸರಪಳಿಯ ಬದಲು ಅಗಲವಾದ ರಬ್ಬರ್ ಬೆಲ್ಟ್ ಇರುತ್ತದೆ. ಮಾಲು ತಾನಾಗಿ ನಡುವಿಗೆ ಜಾರಲಿ ಎಂದು ಪಕ್ಕದ ಗೋಡೆಗಳನ್ನು ಓರೆಯಾಗಿ ಕಟ್ಟಿರುವುದೂ ಉಂಟು.

ಇವನ್ನೆಲ್ಲ ಓಡಿಸುವ ಶಕ್ತಿ ಲಾರಿಯ ಎಂಜಿನ್ನಿನದೇ. ಎಂಜಿನ್ನಿನ ತಿರುಗುವ ಶಕ್ತಿಯನ್ನು ಬೇರೆ ಯಂತ್ರಕ್ಕೆ ದಾಟಿಸುವ ಪಿಟಿಒ (ಪವರ್ ಟೇಕ್-ಆಫ್) ಎಂಬ ಜೋಡಣೆಯ ಮೂಲಕ ಪಂಪು ತಿರುಗುತ್ತದೆ, ಪಂಪು ಒತ್ತಿದ ಎಣ್ಣೆ ಹೈಡ್ರಾಲಿಕ್ ಮೋಟಾರನ್ನು ತಿರುಗಿಸುತ್ತದೆ. ನಡುವೆ ರಿಲೀಫ್ ವಾಲ್ವ್ ಎಂಬ ಚಿಕ್ಕ ಭಾಗವಿದೆ. ಸರಪಳಿ ಎಲ್ಲಾದರೂ ಸಿಕ್ಕಿಕೊಂಡು ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ವಾಪಸು ಬಿಡುವುದು ಅದರ ಕೆಲಸ. ನೆಲ ಸರಿಯುತ್ತಿಲ್ಲ ಎಂದಾಕ್ಷಣ ಸ್ಪ್ಯಾನರ್ ಹಿಡಿದು ಈ ವಾಲ್ವಿನ ಸ್ಕ್ರೂ ಬಿಗಿಮಾಡುವ ಜಾಣರಿದ್ದಾರೆ. ಅಲ್ಲಿಗೆ ಸರಪಳಿಯೋ ಶಾಫ್ಟೋ ಮುರಿಯುವುದು ಖಚಿತವಾದಂತೆ. ಎಣ್ಣೆಯ ಬದಲು ನೇರವಾಗಿ ಶಾಫ್ಟಿನಿಂದ ಓಡುವ ಯಂತ್ರಗಳಲ್ಲಿ ಇದೇ ಕಾವಲಿಗೆ ತುಂಡಾಗುವ ಬೋಲ್ಟ್ ಒಂದನ್ನು ಹಾಕಿರುತ್ತಾರೆ. ತುಂಡಾದಾಗ ಅದೇ ದರ್ಜೆಯದನ್ನೇ ಹಾಕಬೇಕು. ಗಟ್ಟಿ ಬೋಲ್ಟ್ ಹಾಕಿದವರು ಕಾವಲುಗಾರನನ್ನೇ ಕಟ್ಟಿಹಾಕಿದಂತೆ.

ಮಾಲು ತುಂಬುವ ಮೊದಲು ಖಾಲಿ ನೆಲವನ್ನು ಒಂದು ಸುತ್ತು ಓಡಿಸಿ. ಹಿಂದಿನ ಸಲದ ಮಾಲು ಒಣಗಿ ಅಂಟಿಕೊಂಡಿದ್ದರೆ, ಪಟ್ಟಿಯೊಂದು ಬಾಗಿದ್ದರೆ ಆಗಲೇ ತಿಳಿಯುತ್ತದೆ. ತುಂಬಿದ ಮೇಲೆ ತಿಳಿದರೆ ಅಷ್ಟನ್ನೂ ಸಲಿಕೆಯಲ್ಲಿ ಇಳಿಸಬೇಕು.

ಇಳಿಸುವಾಗ ಮೊದಲು ಹಿಂಬಾಗಿಲು, ಆಮೇಲೆ ಕನ್ವೇಯರ್. ಬಾಗಿಲು ಮುಚ್ಚಿದ್ದಾಗ ನೆಲ ಓಡಿಸಿದರೆ ಮಾಲು ಬಾಗಿಲಿಗೆ ಒತ್ತಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಾಗಿಲಿಗೆ ಒರಗಿ ನಿಂತ ಮಾಲು ಕೊಂಡಿ ಬಿಚ್ಚಿದೊಡನೆ ನುಗ್ಗಬಹುದು. ಆದ್ದರಿಂದ ಕೊಂಡಿ ತೆಗೆಯುವವರು ಪಕ್ಕದಲ್ಲಿ ನಿಲ್ಲಬೇಕು, ಬಾಗಿಲಿನ ನೇರಕ್ಕೆ ಯಾರೂ ಇರಬಾರದು. ಇನ್ನೊಂದು ವಿಷಯ ಅನೇಕರ ಗಮನಕ್ಕೆ ಬರುವುದಿಲ್ಲ. ನೆಲ ಹಿಂದಕ್ಕೆ ಸರಿದಂತೆ ಮುಂಭಾಗ ಖಾಲಿಯಾಗುತ್ತದೆ. ಉಳಿದ ಭಾರವೆಲ್ಲ ಹಿಂದೆ ಕೂತಿರುತ್ತದೆ. ಅರ್ಧ ಇಳಿಸಿ ಅರ್ಧವನ್ನು ಹೊತ್ತು ಇನ್ನೊಂದು ಕಡೆಗೆ ಹೊರಟರೆ ಮುಂದಿನ ಗಾಲಿಗಳ ಮೇಲೆ ಭಾರ ಸಾಲದೆ ಸ್ಟೀರಿಂಗ್ ಹಗುರಾಗುತ್ತದೆ. ಏರಿನಲ್ಲಂತೂ ಅದು ಕೈಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಬಾಡಿಯ ಒಳಗಿದೆ. ಹಸಿ ಮೇವು, ತೇವದ ಗೊಬ್ಬರ ಇಂಥವು ಕೆಲವೊಮ್ಮೆ ಎರಡು ಗೋಡೆಗಳ ನಡುವೆ ಕಮಾನು ಕಟ್ಟಿಕೊಂಡು ನಿಲ್ಲುತ್ತವೆ. ಕೆಳಗೆ ನೆಲ ಓಡುತ್ತಿರುತ್ತದೆ, ಮೇಲೆ ಮಾಲು ಅಲುಗುವುದಿಲ್ಲ. ಹೊರಗಿನಿಂದ ನೋಡುವವನಿಗೆ ತಾಳ್ಮೆ ತಪ್ಪುತ್ತದೆ. ಯಂತ್ರ ನಿಲ್ಲಿಸುವುದು, ಇಳಿಯುವುದು, ಮತ್ತೆ ಚಾಲೂ ಮಾಡುವುದು ಯಾರಿಗೆ ಬೇಕು ಎಂದು ಒಳಗೆ ಇಳಿದು ಕಾಲಿನಿಂದ ಒಂದು ಒದೆ ಕೊಡುತ್ತಾನೆ. ಕಮಾನು ಕುಸಿಯುತ್ತದೆ, ಅದರ ಜೊತೆಗೆ ಅವನೂ ಕುಸಿಯುತ್ತಾನೆ. ಅವನನ್ನು ನೆಲವೇ ಹಿಂದಕ್ಕೆ ಎಳೆದೊಯ್ಯುತ್ತದೆ. ಮೇವಿನ ಬಾಡಿಗಳಲ್ಲಿ ತುದಿಯಲ್ಲಿ ಹಲ್ಲುಗಳಿರುವ ಉರುಳೆಗಳು ಬೇರೆ ತಿರುಗುತ್ತಿರುತ್ತವೆ. ನಿಲ್ಲಿಸುವ ಗುಂಡಿ ಹೊರಗಿದೆ, ಮನುಷ್ಯ ಒಳಗಿದ್ದಾನೆ, ಎಂಜಿನ್ನಿನ ಸದ್ದಿನಲ್ಲಿ ಅವನ ಕೂಗು ಯಾರಿಗೂ ಕೇಳುವುದಿಲ್ಲ.

ಆದ್ದರಿಂದ ಒಳಗೆ ಹೋಗಲೇಬೇಕಾದರೆ ಕನ್ವೇಯರ್ ನಿಲ್ಲಿಸಿ, ಪಿಟಿಒ ಬಿಡಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಒಳಗೆ ಇಳಿಯುವವನೇ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ‘ನಾನು ಇಲ್ಲೇ ನೋಡಿಕೊಳ್ಳುತ್ತೇನೆ, ನೀನು ಇಳಿ’ ಎನ್ನುವ ಸ್ನೇಹಿತನ ಮಾತಿಗೆ ಇಲ್ಲಿ ಬೆಲೆ ಕೊಡಬೇಡಿ. ತೊಡೆಯವರೆಗೆ ಹೂತುಹೋಗುವ ಧಾನ್ಯವಾದರೆ ಯಂತ್ರ ನಿಂತಿದ್ದರೂ ಇಳಿಯಬಾರದು. ಹೊರಗೆ ನಿಂತು ಉದ್ದನೆಯ ಕೋಲಿನಿಂದ ಬಿಡಿಸಬೇಕು.

ತಿರುಗುವ ಶಾಫ್ಟಿನ ವಿಷಯ ಬೇರೆ. ಅಲ್ಲಿ ನಿಧಾನದ ಮಾತೇ ಇಲ್ಲ. ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ಶಾಫ್ಟ್ ಒಂದು ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಅಂಗಿಯ ತೋಳೋ ಹೆಗಲಮೇಲಿನ ವಸ್ತ್ರವೋ ಸಿಕ್ಕಿದರೆ ಕೈ ಹಿಂದೆಗೆಯಲು ಸಮಯ ಸಿಗುವುದಿಲ್ಲ. ಅದರ ಮೇಲಿನ ಕವಚ ಒಡೆದಿದ್ದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಬೇಕು. ಹೈಡ್ರಾಲಿಕ್ ಪೈಪಿನಲ್ಲಿ ಎಣ್ಣೆ ಸೋರುತ್ತಿದೆ ಎಂಬ ಅನುಮಾನ ಬಂದರೆ ಬೆರಳಾಡಿಸಿ ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಗುರುತು ಮಾತ್ರ. ನೋವು ಬರುವವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸರಪಳಿಯ ಬಿಗಿಯನ್ನು ಪುಸ್ತಿಕೆಯಲ್ಲಿ ಹೇಳಿದಷ್ಟೇ ಇಡಿ. ಸಡಿಲವಾದರೆ ಹಲ್ಲು ಜಿಗಿಯುತ್ತದೆ, ಅತಿಯಾದರೆ ಬೇರಿಂಗ್ ಸವೆಯುತ್ತದೆ. ಎರಡು ಪಕ್ಕದ ಬಿಗಿ ಸಮನಾಗಿರಲಿ. ಇಲ್ಲವಾದರೆ ಅಡ್ಡಪಟ್ಟಿಗಳು ಓರೆಯಾಗಿ ನಡೆಯತೊಡಗುತ್ತವೆ. ಹೊಸ ಸರಪಳಿ ಮೊದಲ ಕೆಲವು ಲೋಡುಗಳಲ್ಲೇ ಸಡಿಲಗೊಳ್ಳುವುದರಿಂದ ಅದನ್ನು ಮತ್ತೆ ನೋಡಬೇಕು.

ಮಾಲು ಪೂರ್ತಿ ಇಳಿದ ಮೇಲೆ ಯಂತ್ರ ನಿಲ್ಲಿಸಿ, ಬಾಗಿಲಿನ ಅಂಚಿನಲ್ಲಿ ಉಳಿದದ್ದನ್ನು ಕೆರೆದು ಹಾಕಿ, ಬಾಗಿಲು ಮುಚ್ಚಿ ಕೊಂಡಿ ಹಾಕಿ. ರಸ್ತೆಗೆ ಇಳಿಯುವ ಮೊದಲು ಪಿಟಿಒ ಬಿಟ್ಟಿದೆಯೇ ಎಂದು ಕ್ಯಾಬಿನ್ನಿನ ದೀಪ ನೋಡಿ. ಅದು ಹಾಗೇ ಕೂಡಿಕೊಂಡಿದ್ದು ಲಾರಿ ವೇಗವಾಗಿ ಓಡಿದರೆ ಪಂಪು ಹಾಳಾಗುತ್ತದೆ.

ನಮಸ್ಕಾರ.